ಬೆಳಕಿಗೆ ದಾರಿ ಮಾಡಿದವರು

1841ರಲ್ಲಿ ಜಿನೀವಾ ನಗರದ ಅಧ್ಯಾಪಕ ಡೇನಿಯಲ್ ಕೊಲಾಡನ್ನರು ತೊಟ್ಟಿಯ ರಂಧ್ರದಿಂದ ಬಾಗಿ ಬೀಳುವ ನೀರಿನ ಧಾರೆಯೊಳಕ್ಕೆ ಬೆಳಕನ್ನು ಹಾಯಿಸಿ ತೋರಿಸಿದರು. ಬೆಳಕು ನೇರವಾಗಿ ಹೊರಟುಹೋಗದೆ ಧಾರೆಯೊಡನೆಯೇ ಬಾಗಿ ಕೆಳಗಿಳಿಯಿತು. ನೀರಿನ ಒಳಮೈಗೆ ತೀರ ಓರೆಯಾಗಿ ತಾಗಿದ ಕಿರಣ ಹೊರಗಿನ ಗಾಳಿಗೆ ದಾಟಲಾರದೆ ಒಳಕ್ಕೇ ಮರಳುತ್ತದೆ; ಅಲ್ಲಿಂದ ಎದುರು ಮೈಗೆ, ಮತ್ತೆ ಇತ್ತ. 1854ರಲ್ಲಿ ಲಂಡನ್ನಿನಲ್ಲಿ ಇದನ್ನೇ ಮಾಡಿ ತೋರಿಸಿದ ಜಾನ್ ಟಿಂಡಲ್ಲರಿಗೆ ಬಹುಕಾಲ ಕೀರ್ತಿಯೆಲ್ಲ ಸಂದಿತು. ಮೊದಲು ಹೇಳಿದವನನ್ನು ಮರೆತು ಆಮೇಲೆ ಹೇಳಿದವನನ್ನು ನೆನೆಯುವ ರೂಢಿ ನಮ್ಮ ಸಾಹಿತ್ಯದಲ್ಲಷ್ಟೇ ಅಲ್ಲವೆಂದು ಕಾಣುತ್ತದೆ!

ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹ್ಯಾರಲ್ಡ್ ಹಾಪ್ಕಿನ್ಸ್‌ರೊಡನೆ ಗಾಜಿನ ಎಳೆಗಳ ಕಂತೆಯೊಂದರ ಮೂಲಕ ಚಿತ್ರವನ್ನೇ ಸಾಗಿಸಿ, 1954ರಲ್ಲಿ ಅದನ್ನು ಪ್ರಕಟಿಸಿದರು. ಆದರೆ ಮಾತನ್ನು ಬೆಳಕಿನ ಮಿಣುಕಾಗಿಸಿ ಊರಿಂದೂರಿಗೆ ಕಳಿಸಲು ಆ ಗಾಜು ಒದಗದು. ಅಂದಿನ ಎಳೆಯಲ್ಲಿ ಇಪ್ಪತ್ತು ಮೀಟರು ಸಾಗುವಷ್ಟರಲ್ಲಿ ನೂರರಲ್ಲಿ 99 ಪಾಲು ಬೆಳಕು ನಂದಿಹೋಗುತ್ತಿತ್ತು.

ಇಂಗ್ಲೆಂಡಿನ ಹಾರ್ಲೊ ಊರಿನ ಪ್ರಯೋಗಶಾಲೆಯಲ್ಲಿದ್ದ ಚಾರ್ಲ್ಸ್ ಕಾವೊ, ಜಾರ್ಜ್ ಹಾಕಮ್‌ರೊಡನೆ 1966ರಲ್ಲಿ ಬರೆದ ಲೇಖನದಲ್ಲಿ ಬೇರೆ ಮಾತು ಹೇಳಿದರು: ತಪ್ಪು ಗಾಜಿನದಲ್ಲ, ಅದರೊಳಗೆ ಉಳಿದ ಕಬ್ಬಿಣದಂಥ ಕಲ್ಮಷದ್ದು, ಕಿಲೋಮೀಟರಿನಾಚೆ ನೂರರಲ್ಲಿ ಒಂದು ಪಾಲು ಉಳಿದರೂ ಸಾಕು. ಈ ಚರಿತ್ರೆಯ ತಿರುಳು ಇಲ್ಲಿದೆಯೆಂದು ನನ್ನ ಎಣಿಕೆ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ಮೂವರು ವಿಜ್ಞಾನಿಗಳು ಆ ಗುರಿಯನ್ನೂ ದಾಟಿದರು. ಈಗಿನ ಒಳ್ಳೆಯ ಎಳೆಯಲ್ಲಿ ಕಿಲೋಮೀಟರಿನಾಚೆ ಸುಮಾರು 95 ಪಾಲು ಉಳಿಯುತ್ತದೆ.

2009ರಲ್ಲಿ ಕಾವೊ ಅವರಿಗೆ ನೊಬೆಲ್ ಬಂತು. ಕಪಾನಿಯವರಿಗೆ ಬರಲಿಲ್ಲವೆಂದು ನಮ್ಮಲ್ಲಿ ಕೊರಗಿದವರುಂಟು. ಆದರೆ ಆ ಬಹುಮಾನ ಸಂದದ್ದು ಬೆಳಕನ್ನು ಎಳೆಯಲ್ಲಿ ಬಾಗಿಸಿದ್ದಕ್ಕಲ್ಲ, ದೂರಕ್ಕೆ ಸಾಗಿಸುವ ದಾರಿ ಕಂಡದ್ದಕ್ಕೆ.