ಅಂಗವೈಕಲ್ಯ ಮತ್ತು ದೀರ್ಘ ಕಾಯಿಲೆಗೆ ಹಣಕಾಸಿನ ನೆರವು: ಚೆನ್ನೈ

ಅಂಗವೈಕಲ್ಯದಿಂದಲೋ ದೀರ್ಘ ಕಾಯಿಲೆಯಿಂದಲೋ ದುಡಿಮೆ ತಪ್ಪಿದ, ಖರ್ಚು ಏರಿದ ಚೆನ್ನೈ ನಿವಾಸಿಗಳಿಗೆ ಸರ್ಕಾರ, ವಿಮೆ ಮತ್ತು ದತ್ತಿ ಸಂಸ್ಥೆಗಳಿಂದ ಸಿಗುವ ನಗದು, ಚಿಕಿತ್ಸಾ ವೆಚ್ಚ ಹಾಗೂ ರಿಯಾಯಿತಿಗಳ ವ್ಯವಸ್ಥೆ. ಇದು ಒಂದೇ ಯೋಜನೆಯಲ್ಲ. ತಿಂಗಳ ಹಣ ಎರಡು ಬೇರೆ ಇಲಾಖೆಗಳಿಂದ ಬರುತ್ತದೆ, ಆಸ್ಪತ್ರೆಯ ಬಿಲ್ಲು ವಿಮೆಗೆ ಹೋಗುತ್ತದೆ, ಕಾರ್ಖಾನೆ ಕೆಲಸಗಾರರ ಕಾಯಿಲೆ ದಿನಗಳ ಕೂಲಿಯನ್ನು ಕೇಂದ್ರದ ನಿಗಮ ಕೊಡುತ್ತದೆ. ಯಾರಿಗೆ ಎಷ್ಟು ಸಿಕ್ಕೀತು ಎಂಬುದನ್ನು ಅನೇಕ ಸಲ ಅವರ ಕಷ್ಟಕ್ಕಿಂತ ಅವರು ತಟ್ಟಿದ ಬಾಗಿಲೇ ತೀರ್ಮಾನಿಸುತ್ತದೆ.

ಗಂಜಿ ತೊಟ್ಟಿಯಿಂದ ಪಿಂಚಣಿಗೆ

ಈ ನಗರದ ನೆರವಿನ ಇತಿಹಾಸಕ್ಕೆ ಮೈಸೂರಿನ ನಂಟಿದೆ. 1780ರಲ್ಲಿ ಹೈದರಾಲಿಯ ಸೇನೆ ಘಟ್ಟ ಇಳಿದ ಮೇಲೆ ಕೆಳಗಿನ ಬಯಲಿನ ಬೆಳೆ ಹಾಳಾಗಿ, ಹಸಿದ ಜನ ಮದರಾಸಿಗೆ ಬಂದು ತುಂಬಿದರು. ಅವರಿಗಾಗಿ 1782ರಲ್ಲಿ ಶುರುವಾದ ಗಂಜಿ ಕೇಂದ್ರವೇ ಮುಂದೆ ರಾಯಪುರಂನ ಮಣೇಗಾರ್ ಛತ್ರವಾಯಿತು. ಊರ ಮುಖ್ಯಸ್ಥನಿಗೆ ತಮಿಳಿನಲ್ಲಿದ್ದ ‘ಮಣಿಯಕ್ಕಾರರ್’ ಎಂಬ ಹೆಸರು ಇಂಗ್ಲಿಷರ ಬಾಯಲ್ಲಿ ಮಣೇಗಾರ್ ಆಗಿದೆ. ಕನ್ನಡದ ಮಣೆಗಾರನೂ ಅದೇ ಮಾತಿನ ಬಂಧು. ಛತ್ರದ ಬಡರೋಗಿಗಳಿಗಾಗಿ ತೆರೆದ ಚಿಕಿತ್ಸಾಲಯ ಬೆಳೆದು ಇಂದಿನ ಸ್ಟಾನ್ಲಿ ಆಸ್ಪತ್ರೆಯಾಗಿದೆ. ಉತ್ತರ ಚೆನ್ನೈನ ಹಳಬರಿಗೆ ಅದು ‘ಕಂಜಿ ತೊಟ್ಟಿ ಆಸ್ಪತ್ರೆ’. ಅನ್ನವಿಲ್ಲದೆ ಮದ್ದು ನಾಟದು ಎಂಬ ತಿಳಿವು ಆ ಹೆಸರಿನಲ್ಲೇ ಉಳಿದುಕೊಂಡಿದೆ.

ಆ ತಿಳಿವು ಸರ್ಕಾರದ ಲೆಕ್ಕಪುಸ್ತಕ ಸೇರಲು ಬಹಳ ಕಾಲ ಹಿಡಿಯಿತು. 1956ರಲ್ಲಿ ನಗರದಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವು, ಮನೆಯಲ್ಲೇ ಇದ್ದು ಮಾತ್ರೆ ನುಂಗುವ ರೋಗಿಯೂ ಸ್ಯಾನಟೋರಿಯಂನಲ್ಲಿ ಮಲಗಿದ ರೋಗಿಯಷ್ಟೇ ಚೆನ್ನಾಗಿ ಗುಣವಾಗುತ್ತಾನೆಂದು ತೋರಿಸಿತು. ಲೋಕದ ಕ್ಷಯ ಚಿಕಿತ್ಸೆಯ ದಾರಿಯನ್ನೇ ಬದಲಿಸಿದ ಅಧ್ಯಯನವದು. ರೋಗಿ ಮನೆಯಲ್ಲಿ ಉಳಿದ. ಅವನಿಗೆ ಊಟ ಹಾಕುವ ಭಾರವೂ ಮನೆಯವರ ಮೇಲೆ ಉಳಿಯಿತು. ದೇಶದ ಎಲ್ಲ ಕ್ಷಯರೋಗಿಗಳಿಗೂ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ನೇರ ಖಾತೆಗೆ ಬೀಳತೊಡಗಿದ್ದು 2018ರಲ್ಲಿ, ಅದು 1,000 ಆದದ್ದು 2024ರ ನವೆಂಬರ್‌ನಲ್ಲಿ.

ದಿಕ್ಕಿಲ್ಲದ ಅಂಗವಿಕಲರಿಗೆ ತಮಿಳುನಾಡು ಪಿಂಚಣಿ ಕೊಡತೊಡಗಿದ್ದು 1974ರಲ್ಲಿ. ಅವರನ್ನು ಕರೆಯುತ್ತಿದ್ದ ‘ಊನಮುಟ್ರೋರ್’ ಎಂಬ ಹಳೆಯ ತಮಿಳು ಮಾತನ್ನು ಕೈಬಿಟ್ಟು ‘ಮಾಟ್ರುತ್ತಿರನಾಳಿ’ ಎಂಬ ಹೊಸ ಮಾತನ್ನು ಬಳಕೆಗೆ ತಂದವರು ಮುಖ್ಯಮಂತ್ರಿ ಎಂ. ಕರುಣಾನಿಧಿ. ಬೇರೆ ಬಗೆಯ ಸಾಮರ್ಥ್ಯ ಉಳ್ಳವರು ಎಂಬುದು ಅದರ ಅರ್ಥ. ನಮ್ಮ ‘ವಿಕಲಚೇತನ’ಕ್ಕಿಂತ ಆಡುಮಾತಿನಲ್ಲಿ ಅದು ಚೆನ್ನಾಗಿ ಬೇರೂರಿದೆ.

ತಿಂಗಳ ಹಣ

ಎರಡು ದಾರಿಗಳಿವೆ. ಒಂದು ಕಂದಾಯ ಇಲಾಖೆಯ ಪಿಂಚಣಿ. ಇದು ಬಡವರಿಗೆ, ಸಾಮಾಜಿಕ ಭದ್ರತಾ ಯೋಜನೆಯ ತಹಶೀಲ್ದಾರರ ಕಚೇರಿಯಿಂದ ಮಂಜೂರಾಗುತ್ತದೆ. 2023ರ ಜನವರಿಯಿಂದ ಅದು 1,000 ರೂಪಾಯಿಯಿಂದ 1,500ಕ್ಕೆ ಏರಿತು. ಇನ್ನೊಂದು ಅಂಗವಿಕಲರ ಕಲ್ಯಾಣ ಇಲಾಖೆಯ ಪೋಷಣಾ ಭತ್ಯೆ, 2,000 ರೂಪಾಯಿ. ಬೌದ್ಧಿಕ ವೈಕಲ್ಯ, ಸ್ನಾಯುಕ್ಷಯ, ತೀವ್ರ ದೈಹಿಕ ವೈಕಲ್ಯ ಉಳ್ಳವರಿಗೆ, ಕುಷ್ಠದಿಂದ ಗುಣವಾದವರಿಗೆ, ಪಾರ್ಕಿನ್ಸನ್ ಕಾಯಿಲೆ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದವರಿಗೆ ಇದು ಮೀಸಲು. ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ. ಎರಡು ಸಾವಿರವನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 67 ರೂಪಾಯಿಯೂ ಆಗುವುದಿಲ್ಲ. ಕೂತಲ್ಲೇ ಕೂತ ಮಗನನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ತಾಯಿಯ ಕೂಲಿ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಕೇಂದ್ರದ ಅಂಗವಿಕಲ ಪಿಂಚಣಿ ಶೇಕಡಾ 80ರಷ್ಟು ವೈಕಲ್ಯವಿರುವ, ಬಡತನ ರೇಖೆಯ ಕೆಳಗಿನವರಿಗೆ ಮಾತ್ರ. 2012ರಿಂದ ಅದರ ಪಾಲು 300 ರೂಪಾಯಿಯಲ್ಲೇ ನಿಂತಿದೆ. ಮಿಕ್ಕದ್ದನ್ನು ರಾಜ್ಯ ತುಂಬುತ್ತದೆ.

ಹಿಂದೆ ಈ ಹಣವನ್ನು ಅಂಚೆಯವರು ಮನಿಯಾರ್ಡರ್ ಆಗಿ ಮನೆಗೆ ತರುತ್ತಿದ್ದರು. ಈಗ ಬ್ಯಾಂಕಿನ ಪ್ರತಿನಿಧಿ ಅಂಗೈಯಗಲದ ಯಂತ್ರ ಹಿಡಿದು ಬರುತ್ತಾರೆ, ಬೆರಳೊತ್ತಬೇಕು. ಕುಷ್ಠದಿಂದ ಬೆರಳ ತುದಿ ಸವೆದವರು, ಪಾರ್ಶ್ವವಾಯುವಿನಿಂದ ಮುಷ್ಟಿ ಬಿಚ್ಚಲಾರದವರು, ಪಾತ್ರೆ ತಿಕ್ಕಿ ರೇಖೆ ಅಳಿಸಿಕೊಂಡ ಮುದುಕಿಯರು ಒಂದೊಂದೇ ಬೆರಳು ಒರೆಸಿ ಒತ್ತುತ್ತಾರೆ, ಯಂತ್ರ ಒಪ್ಪುವುದಿಲ್ಲ. ಕಣ್ಣಿನ ಪಾಪೆಯ ಗುರುತಿನಂಥ ಬದಲಿ ದಾರಿ ನಿಯಮದಲ್ಲಿದೆ. ಆ ಯಂತ್ರ ಬೀದಿಗೆ ಬಂದಾಗ ಮಾತ್ರ ಅದರಿಂದ ಉಪಯೋಗ. ಯಾರಿಗೆ ನೆರವು ಹೆಚ್ಚು ಬೇಕೋ ಅವರ ಕೈಗೇ ಹಣ ತಲುಪದಂತೆ ಮಾಡುವ ವ್ಯವಸ್ಥೆಯನ್ನು ಸುಧಾರಣೆ ಎಂದು ಕರೆಯಲಾಗದು.

ಪ್ರಮಾಣಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40 ವೈಕಲ್ಯವಿರಬೇಕು. ಸರ್ಕಾರಿ ಆಸ್ಪತ್ರೆಯ ವೈದ್ಯರು ಅಳೆದು ಬರೆದ ಆ ಅಂಕಿಯೇ ಮುಂದಿನ ಎಲ್ಲ ಅರ್ಜಿಗಳ ಬೀಗದ ಕೈ. 38 ಬಂದವರಿಗೂ 41 ಬಂದವರಿಗೂ ನಡಿಗೆಯ ಕಷ್ಟ ಒಂದೇ ಇರಬಹುದು, ಪಿಂಚಣಿ ಮಾತ್ರ ಒಬ್ಬರಿಗೇ. ಇದಕ್ಕಿಂತ ದೊಡ್ಡ ಬಿರುಕು ಬೇರೆಡೆ ಇದೆ: ಥಲಸ್ಸೀಮಿಯಾ, ಹಿಮೋಫೀಲಿಯಾ ಆ 21ರ ಪಟ್ಟಿಯಲ್ಲಿವೆ, ಮೂತ್ರಪಿಂಡ ವೈಫಲ್ಯ ಮತ್ತು ಕ್ಯಾನ್ಸರ್ ಇಲ್ಲ. ವಾರಕ್ಕೆರಡು ಮೂರು ದಿನ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುವ ಆಟೋ ಚಾಲಕ ದುಡಿಯಲಾರ, ಆದರೂ ಕಾನೂನಿನ ಕಣ್ಣಿಗೆ ಆತ ಅಂಗವಿಕಲನಲ್ಲ.

ಆಸ್ಪತ್ರೆಯ ಖರ್ಚು

ಇಲ್ಲಿ ತಮಿಳುನಾಡಿನ ಸಾಧನೆ ನಿಜಕ್ಕೂ ದೊಡ್ಡದು. 2009ರ ಜುಲೈನಲ್ಲಿ ಕರುಣಾನಿಧಿ ಸರ್ಕಾರ ತಂದ ಕಲೈಞರ್ ವಿಮೆ ನಾಲ್ಕು ವರ್ಷಕ್ಕೆ ಕುಟುಂಬಕ್ಕೆ ಒಂದು ಲಕ್ಷ ರೂಪಾಯಿ ಕೊಡುತ್ತಿತ್ತು. 2012ರಲ್ಲಿ ಜಯಲಲಿತಾ ಸರ್ಕಾರ ತಂದ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆ ಅದನ್ನು ವರ್ಷಕ್ಕೆ ಒಂದು ಲಕ್ಷಕ್ಕೆ ಏರಿಸಿತು. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜತೆ ಬೆಸೆದ ಬಳಿಕ ಮಿತಿ ಈಗ ವರ್ಷಕ್ಕೆ 5 ಲಕ್ಷ. ವಾರ್ಷಿಕ ಆದಾಯ 1,20,000 ರೂಪಾಯಿ ಮೀರದ ಕುಟುಂಬಗಳು ಅರ್ಹ. ಪಕ್ಷ ಬದಲಾದರೂ ಯೋಜನೆ ಬಿದ್ದುಹೋಗದೆ ಬೆಳೆದದ್ದು ಗಮನಿಸಬೇಕಾದ ಸಂಗತಿ. ಡಯಾಲಿಸಿಸ್ ಇದರಲ್ಲಿದೆ, ಆಸ್ಪತ್ರೆಗೆ ಹೋಗಿಬರುವ ಆಟೋ ಬಾಡಿಗೆ, ಮನೆಯಲ್ಲಿ ನುಂಗುವ ಮಾತ್ರೆ, ಹೋದ ದಿನಗೂಲಿ ಇದರಲ್ಲಿಲ್ಲ. 1993ರಲ್ಲಿ ಸ್ಥಾಪನೆಯಾದ ಟ್ಯಾಂಕರ್ ಫೌಂಡೇಶನ್‌ನಂಥ ಸಂಸ್ಥೆಗಳು ಬಡ ಮೂತ್ರಪಿಂಡ ರೋಗಿಗಳ ಕೈಹಿಡಿಯುತ್ತಿವೆ.

ಅಡ್ಯಾರ್ ಕ್ಯಾನ್ಸರ್ ಸಂಸ್ಥೆ 1954ರಲ್ಲಿ 12 ಹಾಸಿಗೆಗಳೊಂದಿಗೆ ಆರಂಭವಾಯಿತು. ತಂಗಿಯನ್ನು ಕ್ಯಾನ್ಸರಿಗೆ ಕಳೆದುಕೊಂಡಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅದನ್ನು ಕಟ್ಟಿದರು, ಡಾ. ವಿ. ಶಾಂತಾ 2021ರಲ್ಲಿ ತೀರಿಕೊಳ್ಳುವವರೆಗೂ ಅದರ ಆವರಣದಲ್ಲೇ ಬದುಕಿದರು. ಬಡವರಿಗೆ ಉಚಿತವಾಗಿಯೋ ಕಡಿಮೆ ದರಕ್ಕೋ ಚಿಕಿತ್ಸೆ ಕೊಡುವುದು ಅದರ ಮೂಲ ಪಟ್ಟು. ಕರ್ನಾಟಕದಿಂದ ಚೆನ್ನೈಗೆ ಚಿಕಿತ್ಸೆಗೆ ಬರುವವರು ಎರಡು ವಿಷಯ ತಿಳಿದಿರಬೇಕು. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರನೇ ದರ್ಜೆ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿಯಿದೆ, ಜತೆಗೆ ಬರುವವರಿಗೆ ಶೇಕಡಾ 75. ಆಯುಷ್ಮಾನ್ ಕಾರ್ಡು ನೋಂದಾಯಿತ ಆಸ್ಪತ್ರೆಗಳಲ್ಲಿ ರಾಜ್ಯದ ಗಡಿ ದಾಟಿಯೂ ನಡೆಯುತ್ತದೆ. ತಿಂಗಳ ಪಿಂಚಣಿ ಹಾಗಲ್ಲ. ಅದಕ್ಕೆ ಇಲ್ಲಿನ ವಾಸದ ದಾಖಲೆಯೇ ಬೇಕು.

ಅಂಬತ್ತೂರು, ಗಿಂಡಿಯ ಕಾರ್ಖಾನೆಗಳಲ್ಲಿ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಕೇಂದ್ರದ ನೌಕರರ ರಾಜ್ಯ ವಿಮಾ ನಿಗಮದ ವಿಮೆ (ಇ.ಎಸ್.ಐ.) ಇದೆ, ಅಂಗವಿಕಲ ನೌಕರರಿಗೆ ಈ ಮಿತಿ 25,000. ಕಾಯಿಲೆಬಿದ್ದರೆ ವರ್ಷಕ್ಕೆ 91 ದಿನ ಕೂಲಿಯ ಶೇಕಡಾ 70, ಪಟ್ಟಿಯಲ್ಲಿರುವ 34 ದೀರ್ಘ ರೋಗಗಳಿಗೆ ಎರಡು ವರ್ಷದವರೆಗೆ ಶೇಕಡಾ 80. ಇಲ್ಲಿ ಹೇಳಿದವುಗಳಲ್ಲಿ ದುಡಿಮೆ ನಿಂತಾಗ ಕೂಲಿಯನ್ನೇ ತುಂಬಿಕೊಡುವ ನೆರವು ಇದೊಂದೇ. ಮನೆಗೆಲಸದವರು, ಬೀದಿ ವ್ಯಾಪಾರಿಗಳು ಇದರ ಹೊರಗಿದ್ದಾರೆ.

ಅಂಗವಿಕಲರಿಗಾಗಿ ಕೆಲಸ ಮಾಡುವ ಕೋಟ್ಟೂರ್‌ಪುರಂನ ವಿದ್ಯಾಸಾಗರ್ ಸಂಸ್ಥೆಯನ್ನು 1985ರಲ್ಲಿ ಕಟ್ಟಿದ ಪೂನಂ ನಟರಾಜನ್ ಮುಂದೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ಅಧ್ಯಕ್ಷೆಯಾದರು. ಆ ನ್ಯಾಸದ ‘ನಿರಾಮಯ’ ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ವೈಕಲ್ಯ ಇರುವವರಿಗೆ ಮೊದಲೇ ವೈದ್ಯಕೀಯ ಪರೀಕ್ಷೆ ಕೇಳದೆ ವರ್ಷಕ್ಕೆ ಒಂದು ಲಕ್ಷದವರೆಗೆ ಕೊಡುತ್ತದೆ. ಹೊರರೋಗಿಯಾಗಿ ಪಡೆವ ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ, ಬಹುಪಾಲು ವಿಮೆಗಳಲ್ಲಿ ಇಲ್ಲದ್ದು.

ಬೇಡಿಕೆ

ಅಂಗವಿಕಲರಿಗೆ ಕೊಡುವ ನೆರವು ಅಂಥದೇ ಬೇರೆ ಯೋಜನೆಗಳಿಗಿಂತ ಕನಿಷ್ಠ ಶೇಕಡಾ 25 ಹೆಚ್ಚಿರಬೇಕು ಎನ್ನುತ್ತದೆ 2016ರ ಕಾಯ್ದೆಯ 24ನೇ ಕಲಂ. ತಮಿಳುನಾಡಿನ ವೃದ್ಧಾಪ್ಯ ಪಿಂಚಣಿ 2023ರಲ್ಲಿ 1,200 ಆಯಿತು. ಅದರ ಮೇಲೆ ಶೇಕಡಾ 25 ಅಂದರೆ ಸರಿಯಾಗಿ 1,500. ಕಾಯ್ದೆಯ ಕನಿಷ್ಠವನ್ನು ಮುಟ್ಟಿದ ಮೊತ್ತ ಅದರಾಚೆ ಒಂದು ರೂಪಾಯಿಯೂ ಹೋಗಿಲ್ಲ. ಅದೇ ಕಲಂ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನೂ ಹೆಸರಿಸುತ್ತದೆ. ಅಂಗವಿಕಲರ ಪಿಂಚಣಿಯನ್ನು ತೆಲಂಗಾಣ 2023ರಲ್ಲಿ 4,016 ರೂಪಾಯಿಗೆ ಏರಿಸಿತು. ಆಂಧ್ರ 2024ರಲ್ಲಿ 3,000ವನ್ನು 6,000 ಮಾಡಿತು, ಹಾಸಿಗೆ ಹಿಡಿದವರಿಗೆ 15,000. ಅಂಗವಿಕಲರು ಮತ್ತು ಅವರ ಆರೈಕೆದಾರರ ಸಂಘಟನೆಯಾದ ‘ಟರಾಟ್‌ಡ್ಯಾಕ್’ ಆ ಆಂಧ್ರದ ಮೊತ್ತವನ್ನೇ ಮುಂದಿಟ್ಟು ಚೆನ್ನೈನ ಬೀದಿಗಳಲ್ಲಿ ಗಾಲಿಕುರ್ಚಿಗಳೊಂದಿಗೆ ಧರಣಿ ಕೂರುತ್ತ ಬಂದಿದೆ.