ಹಿಡಿಂಬನ ಬೂದಿ

ಚೋರನೂರಿನಿಂದ ಒಬ್ಬನೇ ಹೊರಟು, ಕೆಂಪು ಧೂಳಿನ ಸಂಡೂರನ್ನು ದಾಟಿ, ತೋರಣಗಲ್ಲಿನಲ್ಲಿ ಬಳ್ಳಾರಿಯ ಹೆದ್ದಾರಿಯನ್ನು ಹಿಡಿದೆನು. ಹಂಪೆಯನ್ನೇ ನೋಡಿ ಹಿಂದಿರುಗುವವರು ಹೆಚ್ಚಾದ ಈ ಸೀಮೆಯಲ್ಲಿ ನನಗೆ ಬೇಕಾಗಿದ್ದುದು ಕುಡತಿನಿಯ ಸಮೀಪ ದಾರಿಯ ಮಗ್ಗುಲಲ್ಲಿರುವ ಒಂದು ಬೂದಿಯ ದಿಬ್ಬ. ಭೀಮನು ಹಿಡಿಂಬಾಸುರನನ್ನು ಕೊಂದು ಸುಟ್ಟ ಸ್ಥಳವದು ಎಂದು ಹೇಳಿಕೆ. ಹಂಪೆಯ ಬಳಿ ನಿಂಬಾಪುರದಲ್ಲಿಯೂ ಇಂಥದೊಂದುಂಟು. ಅಲ್ಲಿ ಸುಟ್ಟದ್ದು ವಾಲಿಯನ್ನಂತೆ! ಎರಡು ಮಹಾಕಾವ್ಯಗಳಿಗೂ ಬಳ್ಳಾರಿ ಸೀಮೆಯೇ ಸೌದೆ ಒದಗಿಸಿತೆಂದಾಯಿತು.

ನಗುತ್ತಲೇ ದಿಬ್ಬವನ್ನೇರಿದೆನು. ಕೈಗೆ ಸಿಕ್ಕ ಹೆಂಟೆ ಒಂದು ಕಡೆ ಮೆತ್ತನೆಯ ಬೂದಿ, ಇನ್ನೊಂದು ಕಡೆ ಕರಗಿ ಗಾಜಿನಂತಾದ ಕಿಟ್ಟ. ಇದು ಒಲೆಯ ಬೆಂಕಿಯ ಕೆಲಸವಲ್ಲ. 1843ರಲ್ಲಿ ನ್ಯೂಬೋಲ್ಡನು ಇಂಥ ದಿಬ್ಬಗಳ ವಿಚಾರವಾಗಿ ಬರೆದ ಮೇಲೆ ವಿದ್ವಾಂಸರ ವಾದ ನೂರು ವರ್ಷ ಮೀರಿ ನಡೆಯಿತು. ಕಬ್ಬಿಣ ಕರಗಿಸಿದ ಉಳಿಕೆಯೆಂದವರೂ ಇದ್ದರು. ಸೆಗಣಿಯ ಬೂದಿಯೆಂದ ಬ್ರೂಸ್ ಫೂಟನ ಮಾತೇ ಕೊನೆಗೆ ನಿಂತಿತು. 1957ರಲ್ಲಿ ಆಲ್ಚಿನ್ನರು ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆಸಿದಾಗ ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳೇ ಕಂಡವು. ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ದೊಡ್ಡಿಯಲ್ಲಿ ಸೆಗಣಿಯನ್ನು ರಾಶಿಹಾಕಿ ಮತ್ತೆ ಮತ್ತೆ ಸುಟ್ಟಿದ್ದರು. ಏಕೆ? ಒಮ್ಮತವಿಲ್ಲ. ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವುದನ್ನು ಕಂಡು ಬೆಳೆದ ನನಗಂತೂ ಆ ಬೆಂಕಿ ತೀರ ಅಪರಿಚಿತವೆನಿಸಲಿಲ್ಲ.

ಎಷ್ಟೋ ದಿಬ್ಬಗಳನ್ನು ಹೊಲಗಳ ಗೊಬ್ಬರಕ್ಕೆಂದು ತೋಡಿ ಸಾಗಿಸಿದ್ದಾಯಿತು. ಇದು ಉಳಿದಿದೆ, ರಕ್ಕಸನ ಹೆದರಿಕೆಯೂ ಸ್ವಲ್ಪ ಕಾವಲಿದ್ದಿರಬೇಕು. ಮನೆಗೆ ಒಯ್ಯಬೇಕೆಂದುಕೊಂಡಿದ್ದ ಹೆಂಟೆಯನ್ನು ಇದ್ದಲ್ಲಿಯೇ ಇಟ್ಟು ಇಳಿದೆನು.