ಕೂನೂರಿನಲ್ಲಿ ನಿಂತ ಉಗಿಬಂಡಿ

ಭಾರತದಲ್ಲಿ ಉಗಿಬಂಡಿಯ ಕಾಲ ಎಂದು ಮುಗಿಯಿತೆಂದು ಕೇಳಿದರೆ ಉಪಾಧ್ಯಾಯರಾದ ನಾವು ಕೂಡಲೇ ಇಸವಿಗಳನ್ನು ಹೇಳಿಬಿಡುತ್ತೇವೆ. 1972ರಲ್ಲಿ ಚಿತ್ತರಂಜನದ ಕಾರ್ಖಾನೆಯಲ್ಲಿ ಉಗಿಯಂತ್ರಗಳ ನಿರ್ಮಾಣ ನಿಂತಿತು; 1995ರಲ್ಲಿ ಅಗಲ ಹಳಿಗಳ ಮೇಲೆ ಅವುಗಳ ನಿತ್ಯದ ಓಡಾಟವೂ ಕೊನೆಗೊಂಡಿತು. ಒಮ್ಮೆ ಇಷ್ಟನ್ನು ಹೇಳಿ ಪುಸ್ತಕವನ್ನು ಮಡಿಚುವಷ್ಟರಲ್ಲಿ ಹುಡುಗನೊಬ್ಬನು ಎದ್ದುನಿಂತು, “ಕೂನೂರಿನಲ್ಲಿ ನಾನು ನೋಡಿದೆನಲ್ಲ, ಹೊಗೆ ಬಿಡುತ್ತಿತ್ತು” ಎಂದನು. ಅವನ ಮಾತು ದಿಟವಾಗಿತ್ತು. ನಮ್ಮ ಪಾಠವೇ ಅಪೂರ್ಣವಾಗಿತ್ತು.

ಮೆಟ್ಟುಪಾಳ್ಯದಿಂದ ನೀಲಗಿರಿಯ ಕೂನೂರಿಗೆ ರೈಲು ಬಂದುದು 1899ರಲ್ಲಿ. ಉದಕಮಂಡಲವನ್ನು ಅದು ಮುಟ್ಟಿದುದು 1908ರಲ್ಲಿ. ದಾರಿಯ ಒಟ್ಟು ಉದ್ದ 46 ಕಿಲೋಮೀಟರು. ಕಲ್ಲಾರಿನಿಂದ ಕೂನೂರಿನವರೆಗೆ ಏರು ಬಹು ಕಡಿದು: ಹನ್ನೆರಡೂವರೆ ಅಡಿ ಸಾಗುವುದರೊಳಗೆ ಒಂದಡಿ ಮೇಲೇರಬೇಕು. ನುಣುಪಾದ ಹಳಿಯ ಮೇಲೆ ಗಾಲಿ ಜಾರೀತೆಂದು ಹಳಿಗಳ ನಡುವೆ ಹಲ್ಲಿನ ಪಟ್ಟಿಯನ್ನು ಹಾಸಿದರು. ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಎಕ್ಸ್ ವರ್ಗದ ಉಗಿಯಂತ್ರದ ಹಲ್ಲುಗಾಲಿಗಳು ಆ ಪಟ್ಟಿಯನ್ನು ಕಚ್ಚಿ ಹಿಡಿಯುತ್ತವೆ. ಗಾಲಿಗಳನ್ನು ತಿರುಗಿಸಿ ಹೊರಬಂದ ಉಗಿಯೇ ಮತ್ತೊಂದು ಜೊತೆ ಸಿಲಿಂಡರುಗಳನ್ನು ಹೊಕ್ಕು ಹಲ್ಲುಗಾಲಿಗಳನ್ನೂ ನಡೆಸುತ್ತದೆ. ಯಂತ್ರವು ಬಂಡಿಗಳನ್ನು ಎಳೆಯದೆ ಕೆಳಗಿನಿಂದ ನೂಕುತ್ತ ಏರುತ್ತದೆ.

ಕೂನೂರಿನಿಂದ ಮೇಲಕ್ಕೆ ಏರು ಇಪ್ಪತ್ತೈದು ಅಡಿಗೆ ಒಂದಡಿ ಮಾತ್ರ. ಅಲ್ಲಿ ಹಲ್ಲಿನ ಪಟ್ಟಿ ಬೇಡ. ಅಲ್ಲಿಗೆ ಡೀಸೆಲ್ ಯಂತ್ರ ಸುಲಭವಾಗಿ ಬಂದಿತು, ಉಗಿಯಂತ್ರದ ನಿತ್ಯದ ದುಡಿಮೆ ಮುಗಿಯಿತು. ಹಲ್ಲುಗಾಲಿಯಿಲ್ಲದ ಡೀಸೆಲ್ ಯಂತ್ರ ಕೆಳಗಿನ ಏರನ್ನು ಹತ್ತಲಾರದು. ಹೀಗಾಗಿ ಮೆಟ್ಟುಪಾಳ್ಯದಿಂದ ಬಂದ ರೈಲಿಗೆ ಕೂನೂರಿನಲ್ಲಿ ಯಂತ್ರ ಬದಲಾಗುತ್ತದೆ. ಒಂದೇ ನಿಲ್ದಾಣದ ಒಂದು ಪಕ್ಕದಲ್ಲಿ ಉಗಿಯ ಕಾಲ ಮುಗಿದಿದೆ, ಇನ್ನೊಂದು ಪಕ್ಕದಲ್ಲಿ ಮುಗಿದಿಲ್ಲ!

ಉಳಿದುದೂ ಹಿಂದಿನಂತೆಯೇ ಉಳಿದಿದೆಯೆಂದು ತಿಳಿಯಬಾರದು. 2005ರಲ್ಲಿ ಈ ದಾರಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2011ರಿಂದೀಚೆಗೆ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯಲ್ಲಿ ಎಣ್ಣೆ ಉರಿಸುವ ಹೊಸ ಉಗಿಯಂತ್ರಗಳು ಸಿದ್ಧವಾದವು. ಇವುಗಳ ಒಲೆಯ ಮುಂದೆ ಕಲ್ಲಿದ್ದಲನ್ನು ಸಲಿಕೆಯಿಂದ ತುಂಬುವ ಕೆಲಸವಿಲ್ಲ. ಯಂತ್ರ ಉಳಿಯಿತು, ಅದರೊಡನೆ ಬೆಳೆದಿದ್ದ ಕೈಯ ಹದವೊಂದು ಸದ್ದಿಲ್ಲದೆ ಅಳಿಯುತ್ತ ಬಂದಿತು. ಅದಕ್ಕೆ ಇಸವಿ ಯಾವುದೆಂದು ಯಾವ ಪಠ್ಯಪುಸ್ತಕವೂ ಹೇಳದು.

ಆದ್ದರಿಂದ ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ, ಇಸವಿಗಳನ್ನು ಕಲಿಯೋಣ, ಕಲಿಸೋಣ. ಆದರೆ ಯಾವ ಯುಗವೂ ನಾಡಿಗೆಲ್ಲ ಒಂದೇ ದಿನ ಮುಗಿಯುವುದಿಲ್ಲವೆಂಬುದನ್ನು ಮರೆಯದಿರೋಣ. ಆ ಹುಡುಗನಿಗೆ ನಾವು ಮಾರನೆಯ ದಿನ ತರಗತಿಯ ಮುಂದೆಯೇ ನಮ್ಮ ತಪ್ಪನ್ನು ಒಪ್ಪಿಕೊಂಡೆವು.